ಗೌರಿ ಹಬ್ಬದ ಗಡುವು

ಲಿಂಗರಾಜಪುರ, ಬೆಂಗಳೂರು
ಭಾನುವಾರ, ೨೩ ಆಗಸ್ಟ್ ೧೯೯೮

ನನ್ನ ಪ್ರೀತಿಯ ರೀ,

ಹೆಸರು ಬರೆಯೋಣವೆಂದರೆ ಅತ್ತೆ ಪಕ್ಕದಲ್ಲೇ ಹೂಬತ್ತಿ ಹೊಸೆಯುತ್ತಾ ಕೂತಿದ್ದಾರೆ. "ಗಂಡನ ಹೆಸ್ರು ಹಿಡ್ದು ಬರೀತೀಯೇನೇ?" ಎಂದು ನಿನ್ನೆಯೇ ಒಮ್ಮೆ ಕೇಳಿಯಾಗಿದೆ. ಪುಣ್ಯಕ್ಕೆ ಅವರಿಗೆ ಓದಲು ಬರುವುದಿಲ್ಲ. ಆದ್ದರಿಂದ ಮುರಳಿ, ಮುರಳಿ, ಮುರಳಿ ಎಂದು ಇಲ್ಲಿ ಆಸೆ ತೀರುವಷ್ಟು ಬರೆದು ಮುಂದಕ್ಕೆ ಹೋಗುತ್ತೇನೆ. ಹೇಗಿದ್ದೀರಿ? ರಾಯಚೂರಿನ ಬಿಸಿಲಿಗೆ ಕರ್ರಗಾಗಿಬಿಟ್ಟಿದ್ದೀರಾ? ಟ್ರಾನ್ಸ್‌ಫಾರ್ಮರ್ ಮೇಲೆ ಹತ್ತುವಾಗ ಯಾರಾದರೂ ಕೆಳಗೆ ಇರುತ್ತಾರೆ ತಾನೆ? ನಿಮ್ಮ ಮೂರು ಕಾಗದಗಳೂ ಬಂದವು. ದಿಂಬಿನ ಕೆಳಗಿವೆ, ಅಂಚೆಲ್ಲ ಮೆತ್ತಗಾಗಿದೆ. ಒಂದಕ್ಕೂ ಉತ್ತರ ಬರೆಯಲಿಲ್ಲವೆಂದು ಕೋಪ ಮಾಡಿಕೊಳ್ಳಬೇಡಿ. ಪ್ರತಿಸಲ ಕೂತೆ, "ಎಲ್ಲ ಚೆನ್ನಾಗಿದೆ" ಎಂದು ಬರೆದೆ, ಹರಿದು ಹಾಕಿದೆ. ನನಗೆ ತುಂಬ ಭಯವಾಗಿತ್ತು, ಈಗಲೂ ಆಗುತ್ತಿದೆ. ಭಯವನ್ನು ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ನಮ್ಮ ಕಾನ್ವೆಂಟಿನಲ್ಲಿ ಯಾರೂ ಹೇಳಿಕೊಡಲಿಲ್ಲ. ರಜೆ ಅರ್ಜಿ ಬರೆಯುವುದನ್ನಷ್ಟೇ ಕಲಿಸಿದ್ದರು.

ನೀವು ರೈಲು ಹತ್ತಿದ ವಾರವೇ ಅಮೃತಪ್ಪನವರು ಮನೆಗೆ ಬಂದರು. ಕೂಗಾಡುತ್ತಾರೆ ಎಂದುಕೊಂಡು ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದೆ. ಅವರು ಕೂಗಾಡಲಿಲ್ಲ. ಕಾಫಿ ಕುಡಿದರು, ಲೋಟ ಚೆನ್ನಾಗಿದೆ ಎಂದರು. ನಿಮ್ಮ ತಂಗಿ ಗಂಗಾಳ ಮದುವೆಗೆ ಸೈಟಿನ ಪತ್ರ ಇಟ್ಟುಕೊಂಡು ಕೊಟ್ಟ ನಲವತ್ತು ಸಾವಿರದ ಮಾತನ್ನು ಮೊದಲಿಗೆ ಎತ್ತಲೂ ಇಲ್ಲ. "ಚಿಕ್ಕವೆಂಕಟಪ್ನೋರೇ, ಕೆ.ಆರ್. ಪುರದ ನಿಮ್ಮ ಸೈಟಲ್ಲಿ ಹುಲ್ಲು ಬೆಳ್ದ್ಬಿಟ್ಟಿತ್ತು. ಆಳು ಬಿಟ್ಟು ಕ್ಲೀನ್ ಮಾಡ್ಸಿ ನಾಲ್ಕು ಮೂಲೆಗೂ ಕಲ್ಲು ಹಾಕ್ಸಿದೀನಿ" ಎಂದು ಮಾವನಿಗೆ ಹೇಳಿದರು. ತಮ್ಮದೇ ಸೈಟು ಎಂಬ ಹಾಗೆ! ಆಮೇಲೆ ಎದ್ದು ನಿಂತು, "ಆರು ತಿಂಗಳಿಂದ ಬಡ್ಡೀನೂ ಇಲ್ಲ. ಇರ್ಲಿ. ಗೌರಿ ಹಬ್ಬದೊಳಗೆ ಅಸಲು ಬಂದ್ರೆ ಪತ್ರ ನಿಮ್ದು. ಇಲ್ದಿದ್ರೆ ರಿಜಿಸ್ಟ್ರಾರ್ ಆಫೀಸಿಗೆ ಬಂದು ಒಂದು ಸೈನ್ ಹಾಕ್ಬಿಡಿ, ನಮ್ ನಮ್ಮಲ್ಲಿ ಮನಸ್ತಾಪ ಬೇಡ" ಎಂದರು. ಮಾವ ತಲೆಯಾಡಿಸಿದರು, ಅಷ್ಟೇ. ಮಿಲ್ಲಿನಲ್ಲಿ ಮೇಸ್ತ್ರಿಯಾಗಿ ಎಷ್ಟು ಜನರನ್ನು ಗದರಿಸಿದವರು! ಆ ಸೈಟು ಬಿಟ್ಟರೆ ಅವರು ಜೀವಮಾನದಲ್ಲಿ ಮಾಡಿಕೊಂಡದ್ದು ಬೇರೆ ಏನಿದೆ? ಅವತ್ತಿನಿಂದ ಗೇಟಿನ ಸದ್ದಾದರೆ ಸಾಕು, ಅಡುಗೆಮನೆ ಬಾಗಿಲ ಹಿಂದೆ ಹೋಗಿ ನಿಲ್ಲುತ್ತೇನೆ.

ಆ ಬಡ್ಡಿಯ ದುಡ್ಡು ಎಲ್ಲಿ ಹೋಯಿತೆಂದು ನಮ್ಮಿಬ್ಬರಿಗೂ ಗೊತ್ತು. ಊಟಿಗೆ ಹೋಯಿತು, ಬ್ರಿಗೇಡ್ ರಸ್ತೆಯಲ್ಲಿ ಕೊಂಡ ನಿಮ್ಮ ಕೋಟಿಗೆ ಹೋಯಿತು, ಕಲರ್ ಟಿ.ವಿ.ಗೆ ಹೋಯಿತು. ನಾನು ಬೇಕು ಎಂದದ್ದಕ್ಕೆ ನೀವು ಬೇಡ ಎನ್ನಲಿಲ್ಲ. ನೀವು ಬೇಡ ಎನ್ನಲಿಲ್ಲವೆಂದು ನಾನು ಇನ್ನೊಂದು ಬೇಕು ಎಂದೆ. ಎಷ್ಟು ಚೆನ್ನಾಗಿದ್ದವು ರೀ ಆ ದಿನಗಳು! ಬರೆಯುವಾಗಲೂ ನಗು ಬರುತ್ತದೆ.

ನೀವು ಹೇಳಿದ ಹಾಗೆ ಮೊದಲು ಟಿ.ವಿ. ಮಾರಿದೆ. ಶಿವಾಜಿನಗರದ ಅಸ್ಗರ್ ಅವರ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಆಟೊದಲ್ಲಿ ಮಡಿಲ ಮೇಲಿಟ್ಟುಕೊಂಡು ಹೋದೆ, ಮಗುವನ್ನು ಹಿಡಿದುಕೊಂಡ ಹಾಗೆ. "ರಿಮೋಟ್ ಎಲ್ಲಿ ಬೆಹನ್?" ಎಂದರು. ಗಡಿಬಿಡಿಯಲ್ಲಿ ಮನೆಯಲ್ಲೇ ಮರೆತಿದ್ದೆ. "ಟಿ.ವಿ. ತಂದು ರಿಮೋಟ್ ಬಿಟ್ಟು ಬರೋದಂದ್ರೆ, ಮದುಮಗಳ್ನ ಕಳ್ಸಿ ಸೂಟ್‌ಕೇಸ್ ಇಟ್ಕೊಂಡ ಹಾಗಾಯ್ತು" ಎಂದು ನಕ್ಕು ಐನೂರು ಕಮ್ಮಿ ಮಾಡಿಯೇಬಿಟ್ಟರು. ಇರಲಿ. ಆ ಹಣದಲ್ಲಿ ನಾವು ತಪ್ಪಿಸಿದ್ದ ಚೀಟಿಯ ಕಂತುಗಳನ್ನೆಲ್ಲ ಕಟ್ಟಿದೆ. ಕಂತು ಬಾಕಿ ಇದ್ದವರು ಹರಾಜಿನಲ್ಲಿ ಕೂಗುವ ಹಾಗಿಲ್ಲ ಎಂದು ಚೀಟಿ ನಡೆಸುವ ಹಿಂದಿನ ಬೀದಿಯ ಮಾನಮ್ಮ ಖಡಾಖಂಡಿತ ಹೇಳಿದ್ದರು. ಕಟ್ಟಿದ ದಿನ ಅತ್ತೆಯೇ ಮೊದಲ ಬಾರಿಗೆ ನನ್ನ ತಲೆ ಸವರಿದರು. ಎಲ್ಲ ಸರಿಹೋಯಿತು ಎಂದೇ ನಾನು ಕುಣಿದಾಡಿದೆ.

ಈಗ ಕೇಳಿ. ಚೀಟಿ ನಿಮ್ಮ ಹೆಸರಿನಲ್ಲಿರುವುದರಿಂದ ನಿಮ್ಮ ಬದಲು ನಾನೇ ಕೂಗಬೇಕೆಂದು ಮಾನಮ್ಮ ಹೇಳಿದರು. ಅತ್ತೆ ವಾರವಿಡೀ ಪಾಠ ಮಾಡಿದರು. ಚೀಟಿ ಐವತ್ತು ಸಾವಿರದ್ದು, ಅದರಲ್ಲಿ ಹೆಚ್ಚು ಬಿಟ್ಟುಕೊಡುತ್ತೇನೆ ಎಂದವರಿಗೆ ಆ ತಿಂಗಳ ಹಣ. ಹತ್ತರೊಳಗೆ ನಿಂತರೆ ನಲವತ್ತು ಕೈಗೆ ಬರುತ್ತದೆ. "ಐನೂರೈನೂರೇ ಏರ್ಸು. ನಿಧಾನಕ್ಕೆ. ಬಾಯಿಗೆ ಬೀಗ ಹಾಕ್ಕೊಂಡು ಕೂಗು" ಎಂದರು. ಬೀಗ ಹಾಕಿಕೊಂಡು ಕೂಗುವುದು ಹೇಗೆಂದು ಕೇಳಿ ಬೈಸಿಕೊಂಡೆ.

ಮಾನಮ್ಮನ ಮನೆಯ ಚಾಪೆಯ ಮೇಲೆ ನನ್ನ ಎದುರಿಗೆ ಕೂಗುತ್ತಿದ್ದವರು ಟೈಲರ್ ಅಕ್ತರ್ ಭಾಯ್ ಒಬ್ಬರೇ. ಅವರಿಗೂ ಮಗಳ ಮದುವೆ. ನಾನು ಎಂಟು ಎಂದರೆ ಅವರು ಎಂಟೂವರೆ ಎನ್ನುತ್ತಿದ್ದರು, ಮೀಸೆಯಲ್ಲೇ ನಗುತ್ತಾ. ಕಣ್ಣ ಮುಂದೆ ಸೈಟಿನ ನಾಲ್ಕು ಕಲ್ಲುಗಳು. ಯಾಕೋ ಆಗ ನಮ್ಮ ಸ್ಕೂಲಿನ ಫೇಟ್ ಎಂಬ ವರ್ಷದ ಜಾತ್ರೆ ನೆನಪಾಯಿತು. ಅಲ್ಲಿ ಕೇಕ್ ಹರಾಜಿನಲ್ಲಿ ಒಮ್ಮೆಲೇ ದೊಡ್ಡ ಮೊತ್ತ ಕೂಗಿಬಿಟ್ಟರೆ ಉಳಿದವರು ಹೆದರಿ ಸುಮ್ಮನಾಗುತ್ತಿದ್ದರು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. "ಹದಿನೈದು ಸಾವಿರ!" ಎಂದುಬಿಟ್ಟೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅತ್ತೆ ನನ್ನ ತೊಡೆ ಚಿವುಟುವ ಹೊತ್ತಿಗೆ ಮಾತು ಹೊರಗೆ ಬಿದ್ದಾಗಿತ್ತು. ಮಾನಮ್ಮ ನನ್ನ ಮುಖವನ್ನೇ ನೋಡುತ್ತಾ "ಒಂದು ಸಲ... ಎರಡು ಸಲ..." ಎಂದು ಎಳೆದರು, ಪಾಪ, ನಾನು ಹಿಂದೆಗೆಯಲಿ ಎಂದೋ ಏನೋ. ಮೂರನೆಯದೂ ಆಗಿಹೋಯಿತು. ಅಕ್ತರ್ ಭಾಯ್ ಏಳುವಾಗ, "ಕ್ಯಾ ಬೇಟಿ, ನಾನು ಒಂಬತ್ತಕ್ಕೇ ಬಿಟ್ಬಿಡ್ತಿದ್ದೆ" ಎಂದರು. ದಾರಿಯುದ್ದಕ್ಕೂ ಅತ್ತೆ ಆಡಿದ ಮಾತು ಒಂದೇ: "ಇಂಗ್ಲಿಷ್ ಸ್ಕೂಲಲ್ಲಿ ಕೂಗೋದ್ ಒಂದು ಚೆನ್ನಾಗಿ ಕಲ್ಸವ್ರೆ."

ನಲವತ್ತು ಬೇಕಿದ್ದಲ್ಲಿ ಮೂವತ್ತೈದು. ಮೇಲೆ ಬಡ್ಡಿ. ಮಾವನ ಮುಂದೆ ಕಟ್ಟು ಇಟ್ಟು ಅತ್ತುಬಿಟ್ಟೆ. ಅವರು ಬೈಯಲಿಲ್ಲ ರೀ. "ಅಳ್ಬೇಡ ಕಣಮ್ಮ. ಮಿಕ್ಕಿದ್ದು ನಾನು ಮಾತಾಡ್ಕೋತೀನಿ" ಎಂದು ಕಟ್ಟನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕೆ.ಆರ್. ಪುರಕ್ಕೆ ಹೋದರು. ಸಂಜೆ ಬಂದಾಗ ಕೈಯಲ್ಲಿ ಸೈಟಿನ ಪತ್ರ! ನಿಜವಾಗಿಯೂ! ಅತ್ತೆ ಅದನ್ನು ದೇವರ ಮುಂದಿಟ್ಟು ಕರ್ಪೂರ ಹಚ್ಚಿದರು. "ಹಳೇ ಪರಿಚಯ ಅಲ್ವಾ, ಮಿಕ್ಕಿದ್ದಕ್ಕೆ ಟೈಮ್ ಕೊಟ್ಟವ್ರೆ" ಎಂದರು ಮಾವ. ಈ ಸುದ್ದಿಯನ್ನು ಅವತ್ತೇ ನಿಮಗೆ ಬರೆಯಬೇಕಿತ್ತು. ಯಾಕೆ ಬರೆಯಲಿಲ್ಲ ಗೊತ್ತೇ? ಅಮೃತಪ್ಪನವರು ಸುಮ್ಮಸುಮ್ಮನೆ ಪತ್ರ ಕೊಡುವವರಲ್ಲ ಎಂದು ನನಗೆ ಒಳಗೊಳಗೇ ಅನ್ನಿಸುತ್ತಿತ್ತು.

ಮರುದಿನದಿಂದ ಮಾವ ಬೆಳಗಾಗುವ ಮುಂಚೆಯೇ ಬುತ್ತಿ ಕಟ್ಟಿಸಿಕೊಂಡು ಹೊರಡುತ್ತಾರೆ. ಗೆಳೆಯ ಮುನಿರಾಜಪ್ಪನವರು ಬಾಣಸವಾಡಿಯಲ್ಲಿ ಮನೆ ಕಟ್ಟಿಸುತ್ತಿದ್ದಾರೆ, ಕೆಲಸದವರ ಮೇಲೆ ಕಣ್ಣಿಡಬೇಕು ಎಂದರು. ಪಂಚೆಯ ಅಂಚಿನಲ್ಲಿ ಮರದ ಹೊಟ್ಟು ಅಂಟಿರುತ್ತಿತ್ತು, ಬಡಗಿ ಕೆಲಸ ನಡೆಯುತ್ತಿರಬೇಕು ಎಂದುಕೊಂಡೆ. ಮೊನ್ನೆ ಅಮ್ಮನ ಮನೆಗೆ ಹೋದವಳು ಕಾಕ್ಸ್ ಟೌನಿನ ಬೇಕರಿಯಲ್ಲಿ ಬ್ರೆಡ್ ಕೊಳ್ಳುತ್ತಿದ್ದೆ (ಬ್ರೆಡ್ ಮಾತ್ರ! ಕೇಕಿನ ಕಡೆ ತಿರುಗಿಯೂ ನೋಡಲಿಲ್ಲ), ಪಕ್ಕದಲ್ಲೇ ಮುನಿರಾಜಪ್ಪನವರು! "ಏನಮ್ಮಾ, ನಮ್ ಮೇಸ್ತ್ರಿ ಕಾಣಿಸ್ತಾನೇ ಇಲ್ಲ? ನನ್ ಮನೆ ಕೆಲ್ಸ ನಿಂತು ತಿಂಗ್ಳಾಯ್ತು, ಒಂದಿನಾದ್ರೂ ಬಂದು ಕಷ್ಟಸುಖ ಕೇಳ್ಬಾರ್ದಾ ಅವ್ನು?"

ಬ್ರೆಡ್ಡನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ಹಾಗಾದರೆ ಮಾವ ಎಲ್ಲಿಗೆ ಹೋಗುತ್ತಾರೆ? ಯಾವುದಾದರೂ ಆಸ್ಪತ್ರೆಗೆ? ಈ ಸಾಲ ತೀರಿಸಲು ಇನ್ನೂ ಕೆಟ್ಟವರ ಹತ್ತಿರ ಸಾಲ ಮಾಡಿದ್ದಾರೆಯೇ? ರಾತ್ರಿ ಅವರಿಗೆ ಅನ್ನ ಬಡಿಸುವಾಗ ಕೇಳಬೇಕೆಂದು ಬಾಯಿ ತೆರೆಯುತ್ತೇನೆ, "ಸಾಕಮ್ಮಾ" ಎಂದು ತಟ್ಟೆಗೆ ಕೈ ಅಡ್ಡ ಹಿಡಿಯುತ್ತಾರೆ. ಅತ್ತೆಗೆ ಹೇಳಲಾರೆ. ನಿಮಗೆ ಹೇಳಿದರೆ ಅಷ್ಟು ಎತ್ತರದಲ್ಲಿ ತಂತಿ ಬಿಗಿಯುವಾಗ ನಿಮ್ಮ ಗಮನ ಎಲ್ಲೋ ಹೋಗಿ... ಬೇಡ, ಆ ಮಾತು ಬರೆಯುವುದಿಲ್ಲ.

ನಾಳೆ ನನ್ನ ಮೊದಲ ಗೌರಿ ಹಬ್ಬ. ಗಡುವಿನೊಳಗೆ ಪತ್ರ ಮನೆಗೆ ಬಂತಲ್ಲ ಎಂದು ಅತ್ತೆಗೆ ಹಿಗ್ಗೋ ಹಿಗ್ಗು. "ಪತ್ರ ವಾಪಸ್ ಕೊಟ್ಟವ್ರೆ, ಅಮೃತಪ್ನೋರ ಹೆಂಡ್ತಿಗೆ ಒಂದ್ ಬಾಗಿನ ಕೊಟ್ಟು ಕಾಲಿಗೆ ಬಿದ್ದು ಬಾ" ಎಂದಿದ್ದಾರೆ. ಮದುವೆಯ ರೇಷ್ಮೆ ಸೀರೆ ಉಡುತ್ತೇನೆ, ನೀವು ನೋಡಲು ಇಲ್ಲ! ಮಾವನಿಗೆ ಹೇಳಿಲ್ಲ, ಆಮೇಲೆ ತಿಳಿದು ಖುಷಿಪಡಲಿ. ಹೋಗಿ ಬಂದು ಈ ಕಾಗದವನ್ನು ಡಬ್ಬಿಗೆ ಹಾಕುತ್ತೇನೆ. ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ, ತಲೆಗೆ ಎಣ್ಣೆ ಹಚ್ಚಿಕೊಳ್ಳಬೇಕಂತೆ. ನನ್ನ ಪಾಲಿನ ಹಾರೈಕೆಯೆಲ್ಲ ಆ ಏಣಿಯ ಬುಡದಲ್ಲಿ ನಿಂತು ಅದನ್ನು ಅಲುಗದಂತೆ ಹಿಡಿದುಕೊಂಡಿರಲಿ.

ನಿಮ್ಮವಳು, ನಿಮ್ಮೊಬ್ಬರವಳು,
ಹೇಮಾ

ತಾ.ಕ.: ಸೋಮವಾರ ಸಂಜೆ. ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ.

ಅಮೃತಪ್ಪನವರ ಮನೆ ಅವರ ಮರದ ಡಿಪೊ ಹಿಂದೆಯೇ ಇದೆ, ಎರಡಕ್ಕೂ ಒಂದೇ ಗೇಟು. ನಾನು ಹೋದ ಹೊತ್ತಿಗೇ ಕಾರಿನಲ್ಲಿ ಇನ್ನೂ ಮೂವರು ಹೆಂಗಸರು ಬಂದರು. ಗೇಟು ತೆಗೆದದ್ದು ಮಾವ. ತೋಳು ಉದ್ದವಾದ ಖಾಕಿ ಶರಟು ಹಾಕಿದ್ದರು. ಆ ಹೆಂಗಸರನ್ನು ನೋಡಿದರು, ನನ್ನನ್ನು ನೋಡಿದರು. ನಾನು ವಾಚ್‌ಮನ್ ಸೊಸೆಯೆಂದು ಅವರಿಗೆ ತಿಳಿಯಬಾರದೆಂದು ತಕ್ಷಣ, "ಬನ್ನಿ ತಾಯಿ, ಅಮ್ಮಾವ್ರು ಒಳಗವ್ರೆ" ಎಂದರು. ನನಗೆ, ಬಹುವಚನದಲ್ಲಿ. ನಾನು ಕೂಗಿ ಬಿಟ್ಟ ಐದು ಸಾವಿರ ಮತ್ತು ಆ ಬಡ್ಡಿ ತೀರುವವರೆಗೂ ಮಾವ ಆ ಗೇಟು ಕಾಯಬೇಕು.

ನಾನು ನಿಲ್ಲಲಿಲ್ಲ ರೀ. ಗುರುತಿಲ್ಲದವಳ ಹಾಗೆ ಆ ಹೆಂಗಸರ ಜೊತೆ ಚಪ್ಪಲಿ ಬಿಟ್ಟು ಒಳಗೆ ಹೋದೆ. ಕುಂಕುಮ ಇಟ್ಟುಕೊಂಡೆ, ಬಾಗಿನ ಕೊಟ್ಟೆ, ಕಾಲಿಗೆ ಬಿದ್ದೆ. ಹೊರಗೆ ಬರುವಾಗ ಮಳೆ ಬಿದ್ದಿತ್ತು. ಉಳಿದವರ ಚಪ್ಪಲಿಗಳೆಲ್ಲ ಮೆಟ್ಟಿಲ ಮೇಲೆ ನೆನೆದಿದ್ದವು. ನನ್ನವು ಇರಲಿಲ್ಲ. ಮಾವ ಅವನ್ನು ಎತ್ತಿ ತಮ್ಮ ಸ್ಟೂಲಿನ ಕೆಳಗೆ, ಒಣ ನೆಲದ ಮೇಲೆ ಜೋಡಿಸಿಟ್ಟಿದ್ದರು. ನಾನು ಹಾಕಿಕೊಳ್ಳುವಾಗ ಮಾವ ಬಗ್ಗಿದ ಹಾಗೆ ಮಾಡಿ ಮೆಲ್ಲಗೆ, "ಅವ್ನಿಗೆ ಬರೀಬೇಡಮ್ಮ, ದೂರದಲ್ಲವ್ನೆ" ಎಂದರು. ಹಿಂದೆಯೇ ಆ ಹೆಂಗಸರು ಬರುತ್ತಿದ್ದರು. ನಾನು "ಥ್ಯಾಂಕ್ಸ್" ಎಂದೆ. ನಿಮ್ಮ ಅಪ್ಪನಿಗೆ.

ಇನ್ನೇನು ಅವರು ಬರುವ ಹೊತ್ತಾಯಿತು. ಕಾಫಿ ಕೊಡಬೇಕು. ಯಾವ ಬಾಯಲ್ಲಿ "ಮಾವ" ಎಂದು ಕರೆಯಲಿ, ಹೇಳಿ.