ರೆಸಾರ್ಟಿನ ಕೊಳೆ, ನಮ್ಮ ತೋಡು

ಮಾದಾಪುರ,
೧೪ ಫೆಬ್ರವರಿ ೨೦೨೫

ಪ್ರೀತಿಯ ಅವ್ವ,

ನಿನ್ನ ಮಂಡಿನೋವು ಹೇಗಿದೆ? ಬಾಣಂತಿಗೆ ನೀರು ಹಾಕುವ ನೆಪದಲ್ಲಿ ಹಂಡೆ ಎತ್ತಲು ಹೋಗಬೇಡ. ಅರಕಲಗೂಡಿನ ಬೀಗರ ಮನೆ ತುಂಬ ಗಂಡಸರಿದ್ದಾರಲ್ಲ, ಅವರು ಎತ್ತಲಿ. ತಂಗಿ ತೇಜಸ್ವಿನಿ ಸರಿಯಾಗಿ ಉಣ್ಣುತ್ತಿದ್ದಾಳಾ? ಮಗುವಿಗೆ ಅಪ್ಪನ ಆನೆಕಿವಿಯೇ ಬಂದಿದೆಯಂತೆ, ಪಾಪ! ಇಷ್ಟನ್ನು ಫೋನಿನಲ್ಲೇ ಕೇಳಬಹುದಿತ್ತು. ಆದರೆ ಮುಂದಿನದನ್ನು ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ಕೂಗಾಡುತ್ತೀಯ, ಬೀಗರ ಮನೆಯವರೆಲ್ಲ ಕೇಳಿಸಿಕೊಳ್ಳುತ್ತಾರೆ.

ನೀನು ಪಂಚಾಯಿತಿ ಸದಸ್ಯೆಯಾದ ಮೇಲೆ ಮಡಿಕೇರಿಗೆ ಓಡಾಡಿ ತರಿಸಿದೆಯಲ್ಲ, ನಮ್ಮ ಕಾಲೋನಿಯ ಕೊಳಚೆ ನೀರಿನ ಘಟಕ, ಅದನ್ನು ಕೊಂದುಹಾಕಿದರು. ಸರಿಯಾಗಿಯೇ ಬರೆದಿದ್ದೇನೆ, ಕೊಂದರು. ಮೈಸೂರಿನಲ್ಲಿ ಆರು ವಾರ ತರಬೇತಿ ಮುಗಿಸಿ ಬಂದಾಗ ನಿನಗೆ ಹೇಳಿದ್ದೆ: ಎಂಬತ್ತೆರಡು ಮನೆಗಳ ಬಚ್ಚಲು, ಕಕ್ಕಸಿನ ಕೊಳೆಯನ್ನು ತಿನ್ನುವುದು ಕಣ್ಣಿಗೆ ಕಾಣದ ಹುಳುಗಳು, ಆಮೇಲೆ ಆ ನೀರು ಸಣ್ಣ ತೂತಿನ ಪೊರೆಯಲ್ಲಿ ಸೋಸಿಕೊಂಡು, ತಿಳಿಯಾಗಿ ಕೆಳಗೆ ಹರಿಯುವ ತೋಡಿಗೆ ಹೋಗುತ್ತದೆ ಅಂತ. ಎರಡು ವರ್ಷ ಆ ಹುಳುಗಳನ್ನು ಸಾಕಿದೆ. ಗಾಳಿ ಊದುವ ಮೋಟಾರು ಒಂದು ಗಂಟೆ ನಿಂತರೂ ನನಗೆ ಊಟ ಸೇರುತ್ತಿರಲಿಲ್ಲ.

ಹೋದ ತಿಂಗಳ ಕೊನೆಯ ಗುರುವಾರ ಬೆಳಿಗ್ಗೆ ಹೋಗಿ ನೋಡಿದರೆ ಗೇಟಿನ ಬೀಗ ತೆಗೆದಿದೆ. ಒಳಗೆ ಗುಡ್ಡದ ಮೇಲಿನ ಹೊಸ ರೆಸಾರ್ಟಿನ ಟ್ಯಾಂಕರು ನಿಂತು ನಮ್ಮ ತೊಟ್ಟಿಗೆ ಪೈಪು ಬಿಟ್ಟಿದೆ. ಫಿನೈಲಿನ ಘಾಟಿಗೆ ಕಣ್ಣು ಉರಿಯಿತು. "ಅಕ್ಕಾ, ನಂಗೇನ್ ಗೊತ್ತು? ಸೆಕ್ರೆಟ್ರಿ ಸಾರೇ ಕೀ ಕೊಟ್ಟಿದ್ದು" ಅಂದ ಡ್ರೈವರ್ ರಾಜು. ಅಷ್ಟರಲ್ಲಿ ಮೂರು ಲೋಡು ಸುರಿದಾಗಿತ್ತು. ಎರಡೇ ದಿನದಲ್ಲಿ ಹುಳುಗಳು ಸತ್ತು ತೊಟ್ಟಿಯ ಕಂದು ಕೆಸರು ಕರಿ ಆಯಿತು, ತೋಡಿಗೂ ಕರಿನೀರೇ ಹರಿಯಿತು, ಮೀನು ಮಗುಚಿ ತೇಲಿದವು. ಕೆಳಗಿನ ಲೈನ್‌ಮನೆಯ ಲಿಂಗಿ ಅಲ್ಲೇ ಬಟ್ಟೆ ಒಗೆಯುವವಳು. ಮೊಣಕೈಯವರೆಗೂ ಎದ್ದ ಗುಳ್ಳೆ ತೋರಿಸಿ, "ಮಾಲ್ತಿ, ಈ ನೀರಿಗೆ ಹೆದ್ರೋದು ಬೇಡ ಅಂತ ನೀನೇ ಹೇಳಿದ್ದಲ್ಲಾ?" ಅಂದಳು.

ಪಂಚಾಯಿತಿ ಸೆಕ್ರೆಟರಿಯನ್ನು ಕೇಳಲು ಹೋದೆ. ಕುರ್ಚಿಯಿಂದ ಏಳದೆ, "ಏನಮ್ಮಾ, ಅದಿರೋದೇ ಕೊಳಚೆ ಹಾಕೋಕಲ್ವಾ? ಅವರದ್ದು ಹಾಕಿದ್ರೆ ನಿಮ್ಮದಕ್ಕೆ ಮೈಲಿಗೆ ಆಗುತ್ತಾ?" ಅಂದು ನಕ್ಕರು. ಅವ್ವ, ಆ ರೆಸಾರ್ಟಿನವರಿಗೆ ಎರಡೆರಡು ಈಜುಕೊಳಕ್ಕೆ ಜಾಗವಿದೆ, ತಮ್ಮ ಕಕ್ಕಸಿನ ನೀರಿಗೆ ಮಾತ್ರ ಜಾಗವಿಲ್ಲ! ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದರು ಸೆಕ್ರೆಟರಿ. ಮರುದಿನ ಅರ್ಧ ಗಂಟೆ ಮೊದಲೇ ಹೋದೆ.

ಪಕ್ಕದ ಮನೆ ವನಜಮ್ಮ ಕಾಲೋನಿಯ ಹೆಂಗಸರನ್ನೆಲ್ಲ ಕರೆತಂದರು. ಕರಿನೀರನ್ನು ಆದಷ್ಟು ಹೊರಗೆತ್ತಿ, ಹುಳುಗಳು ಮತ್ತೆ ಹುಟ್ಟಲಿ ಅಂತ ಬಕೆಟ್ಟುಗಟ್ಟಲೆ ಸಗಣಿ ಕದಡಿ, ಬೆಲ್ಲ ಕರಗಿಸಿ ತೊಟ್ಟಿಗೆ ಹೊಯ್ದೆವು. ಸೋಮವಾರ ಟ್ಯಾಂಕರು ಮತ್ತೆ ಬಂತು. ಹೆಂಗಸರು ಗೇಟಿಗೆ ಅಡ್ಡ ಕೂತರು. "ಹತ್ತಿಸ್ಕೊಂಡ್ ಹೋಗಪ್ಪ, ನೋಡೇಬಿಡಾನ" ಅಂದರು ವನಜಮ್ಮ. ರಾಜು ಹಿಮ್ಮುಖವಾಗಿಯೇ ಗಾಡಿ ತೆಗೆದುಕೊಂಡು ಹೋದ. ಇವತ್ತು ತೊಟ್ಟಿಯಲ್ಲಿ ಮತ್ತೆ ಹಸಿಮಣ್ಣಿನ ವಾಸನೆ ಬಂತು. ಹುಳುಗಳು ಬದುಕಿಕೊಳ್ಳುತ್ತಿವೆ. ಲಿಂಗಿಯ ಕೈ ಇನ್ನೂ ವಾಸಿಯಾಗಿಲ್ಲ.

ಮಗುವಿನ ಪಾದಕ್ಕೆ ನನ್ನದೊಂದು ಮುತ್ತು. ತೇಜಸ್ವಿನಿ ತಲೆಗೆ ಬಟ್ಟೆ ಕಟ್ಟಿಕೊಂಡಿರಲಿ. ಬೀಗರಿಗೆ ನಮಸ್ಕಾರ ಹೇಳು.

ನಿನ್ನ ಮಗಳು,
ಮಾಲತಿ

ವಿ.ಸೂ.: ಟ್ಯಾಂಕರಿಗೆ ಅನುಮತಿ ಕೊಟ್ಟ ಪಂಚಾಯಿತಿ ಠರಾವಿನ ನಕಲು ಇವತ್ತು ಕೈಗೆ ಸಿಕ್ಕಿತು. ಅದರಲ್ಲಿ ನಿನ್ನ ಸಹಿಯಿದೆ ಅವ್ವ. ತಾರೀಕು ಜನವರಿ ಇಪ್ಪತ್ತೊಂದು, ಅವತ್ತು ನೀನು ಅರಕಲಗೂಡಿನಲ್ಲಿದ್ದೆ. ಅದು ಕಳ್ಳಸಹಿಯಾದರೆ ಈ ತಿಂಗಳ ಇಪ್ಪತ್ನಾಲ್ಕರ ಸೋಮವಾರ ಪಂಚಾಯಿತಿ ಸಭೆಗೆ ಬಂದು ಎಲ್ಲರೆದುರು ಹೇಳು. ಹೊರಡುವ ಗಡಿಬಿಡಿಯಲ್ಲಿ ಖಾಲಿ ಹಾಳೆಗೆ ಸಹಿ ಹಾಕಿಕೊಟ್ಟಿದ್ದರೂ ಬಂದು ಅದನ್ನೇ ಹೇಳು. ಎರಡರಲ್ಲಿ ಯಾವುದು ನಿಜವೋ ಅದನ್ನು ನಾನು ದೂರಿನಲ್ಲಿ ಬರೆಯುತ್ತೇನೆ. ಅಕ್ಷರ ನಿನ್ನದರ ಹಾಗೆಯೇ ಕಾಣುತ್ತಿದೆ.