ಬಾಗಿಲಲ್ಲಿ ನಿಂತು ಅಯ್ಯೋ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದಿನ ಪುಟ್ಟೀ,

ಫೋನಿನಲ್ಲಿ ಹೇಳಲು ಹೋದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅತ್ತುಬಿಡುತ್ತೇನೆ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಬರೆದು, ಫೋಟೊ ತೆಗೆದು ಕಳಿಸುತ್ತಿದ್ದೇನೆ. ಪೂರ್ತಿ ಓದಿದ ಮೇಲೆ ಬೈಯುವೆಯಂತೆ.

ನಿನ್ನ ಅತ್ತಿಗೆ ಎದ್ದು ಓಡಾಡುತ್ತಿದ್ದಾಳೆ. ಬಲಗೈ ಸೋಲುತ್ತದೆ, ಅಷ್ಟೇ. ಆದರೆ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ ದಿನ ಹೋದ ಇಂಗ್ಲಿಷ್ ಮರಳಿ ಬರಲಿಲ್ಲ. ಉಳಿದದ್ದು ಅವಳ ತಾಯಿಭಾಷೆ, ಅವರ ದ್ವೀಪದ ಕಡೆಯ ಸೆಬುವಾನೊ ಒಂದೇ. ಒಮ್ಮೊಮ್ಮೆ ಹೀಗಾಗುತ್ತದೆ ಎಂದು ಡಾಕ್ಟರು ಕೈ ತೊಳೆದುಕೊಂಡರು. ನಿನ್ನ ಅಣ್ಣ ಅವಳನ್ನು ಒಲಿಸಿಕೊಂಡಿದ್ದು ಇಂಗ್ಲಿಷಿನಲ್ಲಿ, ಜಗಳವಾಡಿದ್ದೂ ಇಂಗ್ಲಿಷಿನಲ್ಲಿ. ಜೀವನಪೂರ್ತಿ ಇಂಗ್ಲಿಷ್ ಟೀಚರಾಗಿ ಮೆರೆದ ನಿನ್ನಮ್ಮ ಈಗ ಸೊಸೆಗೆ ನೀರು ಬೇಕಾ ಎಂದು ಕೇಳಲು ಲೋಟ ಎತ್ತಿ ತೋರಿಸುತ್ತಾಳೆ.

ಸರಿ, ಕಲಿಯೋಣ ಎಂದು ಕುಳಿತೆ. ಇಂಗ್ಲಿಷ್ ಬಲ್ಲವರಿಗೆಂದೇ ಮಾಡಿದ ಪಾಠಗಳು ಫೋನಿನಲ್ಲಿ ಸಿಕ್ಕವು. ಎಲ್ಲ ರಜೆಗೆ ಹೋಗುವವರಿಗೆ! ‘ಮಾಯೊಂಗ್ ಬುಂತಾಗ್’ ಎಂದರೆ ಶುಭೋದಯ. ‘ತಾಗ್‌ಪಿಲಾ ನಿ’ ಎಂದರೆ ಇದಕ್ಕೆಷ್ಟು. ಗೋಡೆ ನೋಡುತ್ತಾ ಕುಳಿತವಳ ಹತ್ತಿರ ಇದಕ್ಕೆಷ್ಟು ಎಂದು ಕೇಳಲೇ? ಒಂದು ದಿನ ಸೌಟು ತೋರಿಸಿ ಕೇಳಿಯೇಬಿಟ್ಟೆ. ನಕ್ಕಳು ಪುಟ್ಟೀ. ಆಸ್ಪತ್ರೆಯಿಂದ ಬಂದ ಮೇಲೆ ನಕ್ಕಿದ್ದು ಅದೊಂದೇ ಸಲ.

ಎಡವಟ್ಟುಗಳಿಗೇನೂ ಕಡಿಮೆಯಿಲ್ಲ. ಊಟದ ನಡುವೆ ಒಮ್ಮೆ ‘ಸಾಕಿತ್’ ಎಂದಳು. ನಮ್ಮ ‘ಸಾಕು’ ಹೇಗೋ ನೆನಪಾಯಿತೆಂದು ನಾನು ಹಿಗ್ಗಿ ತಟ್ಟೆ ಎತ್ತಿಬಿಟ್ಟೆ. ಅವರಲ್ಲಿ ಅದು ನೋವು! ಪಾಪದ್ದು, ಹಲ್ಲುನೋವನ್ನೂ ಹಸಿವನ್ನೂ ಇಟ್ಟುಕೊಂಡು ಮಲಗಿತು.

ಆದರೆ ನಮ್ಮನ್ನು ಮುಳುಗಿಸಿದ್ದು ಇನ್ನೊಂದು ಮಾತು, ‘ದಾಯೊನ್’. ಅವಳ ಕೋಣೆಯ ಬಾಗಿಲಿಗೆ ಹೋಗಿ, ಅವಳ ಸ್ಥಿತಿ ನೋಡಿ ಅಯ್ಯೋ ಎಂದು ನಿಂತರೆ ಸಾಕು, ‘ದಾಯೊನ್’ ಎನ್ನುತ್ತಿದ್ದಳು. ಸೋತ ಕೈಯನ್ನೂ ಆಡಿಸುತ್ತಿದ್ದಳು. ಬಾ ಎನ್ನುತ್ತಿದೆಯೋ ಹೋಗು ಎನ್ನುತ್ತಿದೆಯೋ ಆ ಕೈ ನೋಡಿದರೆ ತಿಳಿಯುತ್ತಿರಲಿಲ್ಲ. ಹೋಗು ಎಂದೇ ನಾವು ತಿಳಿದೆವು. ಮೆಲ್ಲಗೆ ಬಾಗಿಲು ಎಳೆದುಕೊಂಡು ಬರುತ್ತಿದ್ದೆವು. ನನ್ನ ಮುಖ ಕಂಡರೇ ಆಗಲ್ಲ ಅವಳಿಗೆ ಅಂದ ನಿನ್ನ ಅಣ್ಣ. ಆಮೇಲೆ ಕೆಲಸದಿಂದ ಮನೆಗೆ ಬರುವುದನ್ನೇ ತಡ ಮಾಡತೊಡಗಿದ. ಕೊನೆಗೆ ಅವಳ ಅಕ್ಕನನ್ನು ಬರಹೇಳಿದ. ಬುಧವಾರ ಅಕ್ಕ ಅವಳನ್ನು ತಮ್ಮ ಮನೆಗೆ ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ಅವಳ ಭಾಷೆಯಲ್ಲೇ ಮಾತಿನ ಚಿಕಿತ್ಸೆ ಮಾಡುವವರಿದ್ದಾರಂತೆ. ಬೇಡವೆನ್ನಲು ನನಗೆ ಬಾಯಿಲ್ಲ. ಆದರೆ ಅವನು ಜೊತೆಗೆ ಹೋಗುತ್ತಿಲ್ಲ, ಮರಳಿ ಕರೆತರುವ ಮಾತೂ ಆಡುತ್ತಿಲ್ಲ.

ಅಕ್ಕ ನಿನ್ನೆ ಬಂದಳು. ಅಕ್ಕನ ಸ್ನಾನಕ್ಕೆ ಬಿಸಿನೀರು ಒಯ್ಯುತ್ತಿದ್ದವಳು ಅವಳ ಕೋಣೆಯ ಮುಂದೆ ಕಾಲ ಮೇಲೆ ಚೆಲ್ಲಿಕೊಂಡು ಅಯ್ಯೋ ಎಂದೆ. ಒಳಗಿನಿಂದ ಅಕ್ಕನೂ ‘ದಾಯೊನ್’ ಎನ್ನಬೇಕೇ! ಉರಿ ಮರೆತು, ಹಾಗೆಂದರೇನು ಎಂದು ಇಂಗ್ಲಿಷಿನಲ್ಲಿ ಕೇಳಿದೆ. ತಮ್ಮ ಕಡೆ ಮನೆಗೆ ಬಂದವರು ಹೊರಗೇ ನಿಂತು ‘ಅಯೊ’ ಎಂದು ಕೂಗುತ್ತಾರೆ, ಒಳಗಿದ್ದವರು ‘ದಾಯೊನ್’ ಎನ್ನುತ್ತಾರೆ, ಅಂದರೆ ಒಳಗೆ ಬನ್ನಿ, ಎಂದು ನಗುತ್ತಾ ಬಿಡಿಸಿ ಹೇಳಿದಳು.

ಇಷ್ಟು ದಿನ ಬಾಗಿಲಲ್ಲಿ ನಿಂತು ನಾವೇ ಕೂಗಿದ್ದೇವೆ. ಅವಳು ಪ್ರತಿ ಸಲವೂ ಒಳಗೆ ಬನ್ನಿ ಎಂದಿದ್ದಾಳೆ. ನಾವು ಬಾಗಿಲು ಮುಚ್ಚಿಕೊಂಡು ಹೋಗಿದ್ದೇವೆ.

ನಿನ್ನ ಅಣ್ಣನಿಗೆ ಹೇಳಿದೆ. ಒಂದು ಶೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಕುಳಿತುಬಿಟ್ಟ. ಈಗಲಾದರೂ ಒಳಗೆ ಹೋಗೋ ಎಂದೆ. ಹೋಗಿ ಏನು ಮಾತಾಡ್ಲಮ್ಮಾ ಅಂದ. ನಾನೇ ಹೋದೆ. ಬೇಕೆಂದೇ ಅಯ್ಯೋ ಎಂದೆ. ‘ದಾಯೊನ್’ ಎಂದು ಸರಿದು, ಮಂಚದ ಮೇಲೆ ಜಾಗ ಮಾಡಿಕೊಟ್ಟಳು. ಕುಳಿತೆ. ನಾನು ಕಲಿತದ್ದೆಲ್ಲ ಪೇಟೆಯಲ್ಲಿ ಚೌಕಾಸಿ ಮಾಡುವ ಮಾತು. ಅವಳ ಕೈ ಹಿಡಿದುಕೊಂಡು ಸುಮ್ಮನೆ ಅತ್ತೆ.

ನನ್ನ ಕೈಯಲ್ಲಿ ಇನ್ನೇನೂ ಇಲ್ಲ. ನೀನು ಅವನಿಗೆ ಫೋನ್ ಮಾಡು. ಅವಳನ್ನು ಕಳಿಸುವುದಾದರೆ ಕಳಿಸಲಿ, ತಾನೂ ಜೊತೆಗೆ ಹೋಗಲಿ. ನನ್ನ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾನೆ. ತಂಗಿ ಹೇಳಿದರೆ ಗೊಣಗಿಕೊಂಡಾದರೂ ಕೇಳುತ್ತಾನೆ.

ನಿನ್ನನ್ನೇ ನೆಚ್ಚಿಕೊಂಡಿರುವ,
ಅಮ್ಮ

ತಾ.ಕ.: ಇವತ್ತು ಬುಧವಾರ. ಇದನ್ನು ಅಂದೇ ಕಳಿಸಬೇಕಿತ್ತು. ನೀನು ಹೇಳಿಯೂ ಅವನು ಒಲ್ಲೆ ಎಂದುಬಿಟ್ಟರೆ ಇದ್ದ ಆಸೆಯೂ ಹೋಗುತ್ತದಲ್ಲ ಎಂದು ಹೆದರಿ ಇಟ್ಟುಕೊಂಡೆ. ಇನ್ನು ಫೋನ್ ಮಾಡಬೇಡ, ಅವರು ಈಗಷ್ಟೇ ಹೋದರು. ಅಕ್ಕ ಡ್ರೈವರ್ ಪಕ್ಕದಲ್ಲಿ ಕುಳಿತಳು, ಇವಳು ಹಿಂದೆ. ನಿನ್ನ ಅಣ್ಣ ಕಾರಿನ ಬಾಗಿಲು ಹಿಡಿದು ನಿಂತಿದ್ದವನು, ತನಗೇ ಗೊತ್ತಿಲ್ಲದೆ ಅಯ್ಯೋ ಅಂದ. ಅವಳು ಲಂಗ ಒತ್ತರಿಸಿಕೊಂಡು ಆಚೆಗೆ ಸರಿದು, ಖಾಲಿ ಸೀಟನ್ನು ಆ ಸೋತ ಕೈಯಿಂದ ತಟ್ಟಿ ‘ದಾಯೊನ್’ ಎಂದಳು. ಅವನು ಹೊರಗೇ ನಿಂತು ಕಾರಿನ ಬಾಗಿಲು ಮುಚ್ಚಿದ.