ಹಗಲು ಮಡಚಿಟ್ಟ ಪರದೆ

ಅಪ್ಪಾ,

ನೀನು ಹೊಲಿದ ಸೊಳ್ಳೆಪರದೆ ಎಲ್ಲೂ ಹರಿದಿರಲಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ. ಆದರೂ ಅಕ್ಕನಿಗೆ ಡೆಂಗಿ ಆಗಿದೆ.

ನಿನ್ನ ಕಿಡ್ನಿ ಅಕ್ಕನಿಗೆ ಹಾಕಿದ ಮೇಲೆ, ದಿನಾ ಹೊಲಿಗೆ ಮಷಿನ್ನಿಗೆ ಕೂರುವ ಮುಂಚೆ ನೀನು ಅವಳ ಹೊಟ್ಟೆಯ ಕಡೆ ಬಗ್ಗಿ ಕೇಳುತ್ತಿದ್ದೆಯಲ್ಲ, “ಏನಲೇ, ಅರಾಮದೀಯೇನು?” ಅಕ್ಕ ದನಿ ದಪ್ಪ ಮಾಡಿ, ಕಿಡ್ನಿಯೇ ಮಾತಾಡಿದಂತೆ ಅನ್ನುತ್ತಿದ್ದಳು, “ಅರಾಮದೀನ್ರಿ ಮಾಲಕ್ರ. ಬಾಡಗಿ ಮನಿ ಛಲೋ ಐತ್ರಿ.” ನೀನು ಹೋದ ಮೇಲೆ ಲಿಂಗಸುಗೂರಿನ ಮನೆಯಲ್ಲಿ ಆ ಮಾತನ್ನು ಯಾರೂ ಆಡಿಲ್ಲ.

ಸಿಂಧನೂರಿನಲ್ಲಿ ಚಿಕ್ಕವ್ವನ ಬಸುರಿ ಮಗಳ ಕುಬಸವಿತ್ತು. “ಈ ನಾಕು ಗ್ವಾಡಿ ನೋಡಿ ನೋಡಿ ಸಾಕಾಗೈತೋ, ಕರಕೊಂಡು ಹೋಗು” ಅಂದಳು ಅಕ್ಕ. ಬಸ್ಸು ಮಸ್ಕಿ ದಾಟುವಾಗ ಕಿಟಕಿಗೆ ಮುಖ ಕೊಟ್ಟು ನಗುತ್ತಿದ್ದಳು. ಆ ಮುಖಕ್ಕೆ ಬೇಡ ಅನ್ನಲು ನಿನ್ನಿಂದ ಆಗುತ್ತಿತ್ತೇ? ಕಾಲುವೆ, ಭತ್ತದ ಗದ್ದೆ, ಸೊಳ್ಳೆ ಎಲ್ಲ ಗೊತ್ತಿತ್ತು. ಅದಕ್ಕೇ ಪರದೆ ಒಯ್ದೆವು. ಅಲ್ಲಿದ್ದ ವಾರವೆಲ್ಲ ರಾತ್ರಿ ನಾನೇ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿದೆ, ಬೆಳಗಾದಾಗ ಮಡಚಿಟ್ಟೆ. ಹಗಲೆಲ್ಲ ಅಕ್ಕ ಅಂಗಳದ ನೀರಿನ ಡ್ರಮ್ಮಿನ ಪಕ್ಕ ಕೂತಿರುತ್ತಿದ್ದಳು; ಅಲ್ಲೇ ಚಿಕ್ಕವ್ವನ ಮಗಳ ಕೈಗೆ ಮದರಂಗಿ ಹಚ್ಚಿದಳು.

ಊರಿಗೆ ಮರಳುವ ಮೊದಲೇ ಜ್ವರ ಏರಿತು. “ಒಂದು ಸೂಜಿ ಮಾಡಸಲೇ, ಇಳೀತದ” ಅಂದಳು ಚಿಕ್ಕವ್ವ. ಕೇಳಲಿಲ್ಲ; ನೇರ ರಾಯಚೂರಿನ ಆಸ್ಪತ್ರೆಗೆ ಕರೆತಂದೆ.

“ಪರದಿ ಕಟ್ಟಿದ್ವಿ ಮೇಡಂ” ಅಂದೆ ಡಾಕ್ಟರಿಗೆ.

“ರಾತ್ರಿ ಕಟ್ಟೀಯಪ್ಪ. ಡೆಂಗಿ ಸೊಳ್ಳಿ ಕಡಿಯೂದು ಹಗಲೊತ್ತಿನಾಗ. ಹುಟ್ಟೂದೂ ಡ್ರಮ್ಮಿನ ನೀರಾಗ. ಕಿಡ್ನಿ ಉಳಸೂ ಗುಳಿಗಿ ಈಕಿ ಮೈಯಾಗಿನ ರೋಗ ತಡಿಯೂ ಶಕ್ತಿ ಮೊದಲ ಇಳಿಸ್ಯಾವ.”

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೆನೆಂದು ನೀನು ಬೈಯುತ್ತಿದ್ದೆ. ಇದನ್ನು ಯಾವ ಕ್ಲಾಸಿನಲ್ಲಿ ಹೇಳುತ್ತಿದ್ದರು ಅಪ್ಪಾ?

ಈಗ ರಕ್ತನಾಳಗಳಿಂದ ನೀರು ಸೋರುತ್ತಿದೆಯಂತೆ. ಮಂಚಕ್ಕೆ ಕಟ್ಟಿದ ಚೀಲದಲ್ಲಿ ಮೂತ್ರ ತಳ ಮುಚ್ಚುವಷ್ಟೂ ಇಲ್ಲ. ನಿನ್ನ ಒಂದು ಕಿಡ್ನಿ ನಿನ್ನ ಜೊತೆ ಮಣ್ಣಿಗೆ ಹೋಯಿತು. ಇದೂ ಹೋದರೆ ಅಕ್ಕ… ಅವ್ವನ ಮುಂದೆ ಸುಳ್ಳು ಹೇಳಲು ನನಗೆ ಬರುವುದಿಲ್ಲ, ನಿನಗೆ ಗೊತ್ತು. ಅವಳು ಫೋನು ಮಾಡುತ್ತಲೇ ಇದ್ದಾಳೆ.

ಇವತ್ತು ಹಗಲೇ ಪರದೆ ಕಟ್ಟಿದೆ. ಒಳಗೆ ಬಗ್ಗಿ, ನಿನ್ನ ಹಾಗೆಯೇ ಕೇಳಿದೆ, “ಏನಲೇ, ಅರಾಮದೀಯೇನು?”

ಅಕ್ಕ ಕಣ್ಣು ತೆರೆಯದೆ, “ಮನಿ ಸೋರಾಕತ್ತೈತ್ರಿ ಮಾಲಕ್ರ” ಅಂದಳು. ಉಸಿರು ಎಳೆದುಕೊಂಡಳು. “ಖಾಲಿ ಮಾತ್ರ ಮಾಡಂಗಿಲ್ಲ.”